ಹೊಲಿದು ಮುಚ್ಚಿದ ಕಾಜ

ಶಾಲೆ ಬಿಡುವುದು ಮೂರು ಗಂಟೆಗಾದರೂ ಕೋಟು ಹಾಕಿಕೊಳ್ಳುವ ಕೆಲಸ ಎರಡೂಕಾಲಿಗೇ ಶುರುವಾಗುತ್ತಿತ್ತು. ಉದ್ದನೆಯ ಪಡಸಾಲೆ, ಗೋಡೆಗೆ ಮಕ್ಕಳ ಎತ್ತರಕ್ಕೆ ಎಂಟು ಗೂಟ, ಕೆಳಗೊಂದು ಬೆಂಚು. ಎಂಟು ಮಕ್ಕಳು ಎಂಟು ಕೋಟುಗಳ ಜೊತೆ ಕುಸ್ತಿಗೆ ಬಿದ್ದಿದ್ದರು. ಒಬ್ಬ ಎಡದ ತೋಳಿಗೆ ಬಲಗೈ ತೂರಿಸಿ ಕೋಟನ್ನು ತಲೆಕೆಳಗು ಮಾಡಿಕೊಂಡಿದ್ದ. ಇನ್ನೊಬ್ಬ ತೋಳಿನೊಳಗೆ ಕಾಲಿಟ್ಟು ನಗುತ್ತಿದ್ದ. ಬೆಂಚಿನ ತುದಿಯಲ್ಲಿ ದರ್ಜಿ, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು, ತನ್ನೆರಡು ಕೈಗಳ ಮೇಲೆ ತಾನೇ ಕೂತಿದ್ದ. ಹಾಗೆ ಕೂರಬೇಕೆಂದು ಟೀಚರಮ್ಮನ ಅಪ್ಪಣೆ.

"ನಿಮ್ಮ ಕೈ ಸುಮ್ಮನಿರಲ್ಲ," ಎಂದು ಆಕೆ ಮೊದಲ ವಾರವೇ ಹೇಳಿದ್ದರು. "ಅದರ ಮೇಲೆ ಕೂತ್ಕೊಳ್ಳಿ. ಮೂವತ್ತು ಎಣಿಸಿ. ಆಮೇಲೂ ಮಗು ಕೇಳಿದ್ರೆ ಮಾತ್ರ ಸಹಾಯ ಮಾಡಿ."

ಆ ದೇಶದ ಭಾಷೆ ದರ್ಜಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು, ಉಳಿದದ್ದು ಊಹೆ. ಈ ಮಾತು ಮಾತ್ರ ಪೂರ್ತಿ ತಿಳಿದಿತ್ತು; ತಿಳಿದದ್ದಕ್ಕೇ ಮೈ ಉರಿದಿತ್ತು. ಇಪ್ಪತ್ತಾರು ವರ್ಷ ಅಂಗಡಿ ನಡೆಸಿದವನನ್ನು, ಕಣ್ಣು ಮುಚ್ಚಿ ಗುಂಡಿಯ ಕಾಜ ಹೊಲಿಯಬಲ್ಲವನನ್ನು, ಕೈಕಟ್ಟಿ ಕೂರಿಸುವುದೆಂದರೆ?

ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಇಬ್ಬರೂ ಬಂದಿದ್ದರು. ಅವನ ಕಾಗದಪತ್ರಗಳಲ್ಲಿ ಸಂಬಳಕ್ಕೆ ದುಡಿಯುವ ಅನುಮತಿಯಿರಲಿಲ್ಲ. ಎರಡು ತಿಂಗಳು ಮನೆಯಲ್ಲಿ ಕೂತ. "ರೀ, ಆ ಕಿಟಕಿ ಪರದೆ ಅಳತೆ ಇದು ಎಷ್ಟನೇ ಸಲ ತಗೋತಿರೋದು? ಅದೇನು ಬೆಳೆಯುತ್ತಾ?" ಎಂದು ರೇಗಿಸಿ ಅವಳೇ, ಸಂಬಳವಿಲ್ಲದ ಸಹಾಯಕನಾಗಿ ಹೋಗಲೆಂದು, ನಿಧಾನವಾಗಿ ಕಲಿಯುವ ಮಕ್ಕಳ ಈ ಶಾಲೆಯನ್ನು ಹುಡುಕಿದ್ದಳು. "ನಿಮ್ಮ ತಂಗೀನ ನೋಡ್ಕೊಂಡು ಬೆಳೆದೋರು ನೀವು. ಅಲ್ಲಿಗೆ ಬೇಕಾದೋರೇ ನಿಮ್ಮಂಥೋರು."

ಬೇಕಾದವನು ಬೆಂಚು ಬಿಸಿಮಾಡುತ್ತಿದ್ದ. ಮೂವತ್ತು ಎಣಿಸಲು ಹೊರಟರೆ ಅಂಕಿಗಳೆಲ್ಲ ಎದೆ, ಸೊಂಟ, ತೋಳಿನ ಅಳತೆಗಳಾಗಿ ಹಾದಿ ತಪ್ಪುತ್ತಿದ್ದವು. ಅದಕ್ಕೇ ಅವನು ಪದ್ಯ ಹಿಡಿದಿದ್ದ. ತಾತ ನಸುಕಿನಲ್ಲಿ ಮಿಷನ್ ತುಳಿಯುತ್ತ ರಾಗವಾಗಿ ಹೇಳುತ್ತಿದ್ದ ಆರು ಸಾಲಿನ ದೇವರ ಪದ್ಯಗಳು ಕೇಳಿ ಕೇಳಿಯೇ ಅವನಿಗೆ ಬಾಯಿಗೆ ಬಂದಿದ್ದವು. ಒಂದು ಪದ್ಯ ಮನಸ್ಸಿನಲ್ಲೇ ಹೇಳಿ ಮುಗಿಸಿದರೆ ಸರಿಯಾಗಿ ಮೂವತ್ತರ ಎಣಿಕೆ. ದೇವರ ನೆನಪಿನಲ್ಲಾದರೂ ತಾಳ್ಮೆ ಬರಲಿ ಎಂಬ ಆಸೆ. ಪದ್ಯ ಬರುತ್ತಿತ್ತು, ತಾಳ್ಮೆ ಬರುತ್ತಿರಲಿಲ್ಲ.

ಎಲ್ಲರಿಗಿಂತ ಅವನ ಹೊಟ್ಟೆ ಉರಿಸುತ್ತಿದ್ದವಳು ನೀಲಿ ಕೋಟಿನ ಹುಡುಗಿ. ಹನ್ನೊಂದು ವರ್ಷ. ಕೋಟಿಗೆ ನಾಲ್ಕು ಗುಂಡಿ. ನಾಲಿಗೆ ಹೊರಚಾಚಿ, ಗುಂಡಿಗೆ "ಒಳಗೆ ಹೋಗು, ಒಳಗೆ ಹೋಗು" ಎಂದು ಬುದ್ಧಿ ಹೇಳುತ್ತ, ಜಾರಿದಾಗ ಅಳುತ್ತ, ಕಣ್ಣೊರೆಸಿಕೊಂಡು ಮತ್ತೆ ಹಿಡಿಯುತ್ತ, ನಾಲ್ಕು ಗುಂಡಿಗೆ ಇಪ್ಪತ್ತು ಪದ್ಯ ಮುಗಿಯುತ್ತಿತ್ತು. ಅವಳ ಗೆಳತಿ ಆಗಲೇ ರಸ್ತೆಯಾಚೆಯ ದೊಡ್ಡ ಕಟ್ಟಡಕ್ಕೆ ಹೋಗಿದ್ದಳು. ಅಲ್ಲಿ ನೇಯ್ಗೆ, ಅಡುಗೆ ಕಲಿಸುತ್ತಿದ್ದರು. ಅಲ್ಲಿಗೆ ಸೇರಬೇಕಾದರೆ ತನ್ನ ಕೋಟು ತಾನೇ ಹಾಕಿಕೊಂಡು ರಸ್ತೆ ದಾಟಬೇಕು. ಶುಕ್ರವಾರ ಅವಳ ಪರೀಕ್ಷೆ.

ಬುಧವಾರ ಟೀಚರಮ್ಮ ಆ ಕೋಟನ್ನು ಅವನ ಕೈಗಿತ್ತರು. "ಒಳಗಿನ ಅಸ್ತರು ಕಿತ್ತಿದೆ. ಹೊಲಿದು ಕೊಡ್ತೀರಾ? ಎರಡು ದಿನ ಅವಳಿಗೆ ಶಾಲೆಯದೇ ಜಾಕೆಟ್ ಕೊಡ್ತೀವಿ."

ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ಯಾರೋ ಅವನ ಕಸುಬನ್ನು ಕೇಳಿದ್ದರು. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಕೋಟು ಹರಡಿದ. ಅಸ್ತರು ಹತ್ತು ನಿಮಿಷದ ಮಾತು. ಆದರೆ ಕೈ ನಿಲ್ಲಲಿಲ್ಲ. ನಾಲ್ಕೂ ಗುಂಡಿ ಬಿಚ್ಚಿದ, ನಾಲ್ಕೂ ಕಾಜಗಳನ್ನು ಹೊಲಿದು ಮುಚ್ಚಿದ, ಅವುಗಳ ಮೇಲೆ ಅಂದಕ್ಕೆಂದು ಅದೇ ಗುಂಡಿಗಳನ್ನು ಕೂರಿಸಿದ. ಒಳಗಡೆ ಅಂಟುಪಟ್ಟಿ. ಒತ್ತಿದರೆ ಹಿಡಿಯುತ್ತದೆ, ಎಳೆದರೆ ಚರ್ರನೆ ಬಿಡುತ್ತದೆ.

"ಅಸ್ತರು ಅಂದಿದ್ರಲ್ಲ ಅವರು?" ಡ್ಯೂಟಿಗೆ ಹೊರಟಿದ್ದ ಹೆಂಡತಿ ಬಗ್ಗಿ ನೋಡಿದಳು.

"ಅದಾಯ್ತು. ಇದು ನನ್ನ ಕಡೆಯಿಂದ. ಆ ಮಗು ಇನ್ಮೇಲೆ ಅಳೋದು ಬೇಡ."

"ಕೇಳಿ ಮಾಡಿದ್ರಾ?"

"ಒಳ್ಳೇದು ಮಾಡೋಕೂ ಅರ್ಜಿ ಹಾಕ್ಬೇಕೇನೆ?"

ಶುಕ್ರವಾರ ಹುಡುಗಿಗೆ ಮೊದಲೇ ತೋರಿಸಬೇಕೆಂದುಕೊಂಡಿದ್ದ. ಬಸ್ಸು ತಡವಾಗಿ, ಅವನು ಬರುವಷ್ಟರಲ್ಲಿ ಹುಡುಗಿಯ ತಾಯಿಯೂ ದೊಡ್ಡ ಕಟ್ಟಡದ ಮೇಲ್ವಿಚಾರಕಿಯೂ ಪಡಸಾಲೆಯಲ್ಲಿ ಕಾಯುತ್ತಿದ್ದರು. ಟೀಚರಮ್ಮ ಅವನ ಕೈಯಿಂದ ಕೋಟು ತೆಗೆದುಕೊಂಡು ಗೂಟಕ್ಕೆ ಹಾಕಿದರು. ಇರಲಿ, ತೊಟ್ಟರೆ ತಾನೇ ಅಂಟಿಕೊಳ್ಳುತ್ತದೆ ಎಂದು ದರ್ಜಿ ತನ್ನ ಜಾಗದಲ್ಲಿ ಕೂತ.

ಹುಡುಗಿ ತೋಳು ತೊಟ್ಟಳು. ಗುಂಡಿ ಇರಬೇಕಾದ ಕಡೆ ಬೆರಳಾಡಿಸಿದಳು, ಇಲ್ಲ. ಹುಡುಕಿದಳು, ಎದುರು ಪಟ್ಟಿಯ ಮೇಲೆ ಸಿಕ್ಕಿತು. "ಒಳಗೆ ಹೋಗು," ಎಂದು ತಳ್ಳಿದಳು. ಹೋಗಲು ದಾರಿಯೇ ಇರಲಿಲ್ಲ. ಜೋರಾಗಿ ಎಳೆದಳು, ಚರ್ರೆಂದು ಸದ್ದಾಗಿ ಬೆಚ್ಚಿಬಿದ್ದಳು. ಎರಡನೆಯದು, ಮೂರನೆಯದು. ಕೊನೆಗೆ ಎರಡೂ ಕೈ ಮುಂದೆ ಚಾಚಿ ತಾಯಿಯತ್ತ ತಿರುಗಿದಳು.

"ಅಮ್ಮಾ, ನನ್ನ ಕೈ ಮರ್ತೋಯ್ತು."

"ಭಾನುವಾರ ನಾಲ್ಕೂ ಹಾಕ್ಕೊಂಡಿದ್ಲು," ಎಂದಳು ತಾಯಿ. "ನಾನೇ ನೋಡಿದೀನಿ."

ಮೇಲ್ವಿಚಾರಕಿ ಪೆನ್ನು ತೆಗೆದರು. "ಪರವಾಗಿಲ್ಲ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ನೋಡೋಣ."

ದರ್ಜಿ ಎದ್ದು ನಿಂತ. "ಅವಳ ಕೈ ಮರೆತಿಲ್ಲ. ಕಾಜ ನಾನು ಮುಚ್ಚಿಬಿಟ್ಟಿದ್ದೀನಿ."

ಪರೀಕ್ಷೆ ಒಂದು ವಾರ ಮುಂದೆ ಹೋಯಿತು. ಎಲ್ಲರೂ ಹೋದ ಮೇಲೆ ಟೀಚರಮ್ಮ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಎಂಟು ತಿಂಗಳು," ಎಂದರು. "ಆ ನಾಲ್ಕು ಗುಂಡಿಗೆ ಎಂಟು ತಿಂಗಳು ತಗೊಂಡಿದ್ದಾಳೆ ಅವಳು."

"ಎಂಟು ತಿಂಗಳು ಅಳಿಸೋದು ಯಾವ ನ್ಯಾಯ ಮೇಡಂ? ನನ್ನ ತಂಗಿಗೆ ಮೂವತ್ತಾರು ವರ್ಷ. ಅವಳೂ ಇವರ ಹಾಗೇನೇ. ನಾನು ಹೊಲಿದ ಬಟ್ಟೇಲಿ ಒಂದು ಗುಂಡಿ ಇಲ್ಲ, ಒಂದು ಲಾಡಿ ಇಲ್ಲ. ತಲೆ ಮೇಲಿಂದ ಇಳಿಬಿಟ್ರೆ ಆಯ್ತು. ಬಟ್ಟೆ ಹಾಕೋವಾಗ ಅವಳು ಒಂದಿನ ಅತ್ತಿಲ್ಲ."

"ಇಳಿಬಿಡೋದು ಯಾರು?"

"ನಮ್ಮಮ್ಮ ಮಾಡ್ತಿದ್ರು. ಈಗ ತಮ್ಮನ ಹೆಂಡತಿ."

"ಅವರಿಲ್ಲದ ದಿನ?"

ದರ್ಜಿ ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡ. ಟೀಚರಮ್ಮ ಕೋಟನ್ನು ಅವನ ಕೈಗಿತ್ತು, "ನನ್ನ ತಪ್ಪೂ ಇದೆ," ಎಂದರು. "ಸುಮ್ಮನೆ ಕೂತ್ಕೊಳ್ಳಿ ಅಂದೆ. ಯಾಕೆ ಅಂತ ಹೇಳಲೇ ಇಲ್ಲ."

ಬಸ್ಸಿನಲ್ಲಿ ಮೊದಲು ಆಕೆಯ ಮೇಲೆ ಸಿಟ್ಟು ಬಂತು. ಎರಡು ಸ್ಟಾಪು ಕಳೆಯುವಷ್ಟರಲ್ಲಿ ಆ ಸಿಟ್ಟು ಅವನ ಕಡೆಗೇ ತಿರುಗಿತು. ಅವನು ಹೊಲಿಗೆ ಕಲಿಯುತ್ತಿದ್ದ ಕಾಲ, ತಂಗಿಗೆ ಆಗ ಆರೇಳು ವರ್ಷ. ಅವನ ಮಿಷನ್ ಕೆಳಗೆ ಕೂತು, ಬಿದ್ದ ಗುಂಡಿಗಳನ್ನೆಲ್ಲ ಹೆಕ್ಕಿ ತಗಡಿನ ಡಬ್ಬಿಯಲ್ಲಿ ತುಂಬಿಕೊಳ್ಳುತ್ತಿದ್ದಳು. ಬಿಳಿಯದಕ್ಕೆ ಬಿಳಿಯದು, ಕಪ್ಪಿಗೆ ಕಪ್ಪು. ನುಂಗಿಬಿಟ್ಟಾಳೆಂದು ಅವನೇ ಒಂದು ದಿನ ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದ. ಅವಳು ಗುಂಡಿ ಮುಟ್ಟಿದ್ದು ಅದೇ ಕೊನೆ. ಅವಳ ಕೈಗೆ ನೋವಾಗದಂತೆ ಸಾಕಿದ್ದೇವೆ ಎಂಬುದು ಮನೆಯವರೆಲ್ಲರ ಹೆಮ್ಮೆಯಾಗಿತ್ತು. ಆ ಕೈಗೆ ಏನೇನು ಬರಬಹುದಿತ್ತೆಂದು ಯಾರೂ ನೋಡಿರಲಿಲ್ಲ.

ಸೋಮವಾರ ಹುಡುಗಿಯ ಪಕ್ಕದಲ್ಲೇ ಕೂತು ಒಂದೊಂದೇ ಹೊಲಿಗೆ ಬಿಚ್ಚಿದ. ಅವಳು ಕೋಟನ್ನು ಮುಟ್ಟಲೊಲ್ಲಳು. ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದಳು. "ನೋಡು, ಇದರ ಬಾಯಿ ನಾನು ಮುಚ್ಚಿದ್ದು. ನಿನ್ನ ಕೈದು ಏನೂ ತಪ್ಪಿಲ್ಲ," ಎಂದು ತನ್ನ ಮುಕ್ಕಾಲು ಭಾಷೆಯಲ್ಲಿ ಹೇಳಿದ. ಮಂಗಳವಾರವೂ ಮುಟ್ಟಲಿಲ್ಲ. ಬುಧವಾರ, ಗುಂಡಿಗಳನ್ನು ಹಳೆಯ ಜಾಗದಲ್ಲಿ ಹೊಲಿಯುವಾಗ ದಾರದ ಉಂಡೆ ಹಿಡಿದುಕೊಂಡಳು. ಗುರುವಾರ ಒಂದು ಬೆರಳನ್ನು ಕಾಜದೊಳಗೆ ತೂರಿಸಿ, ಆಚೆ ಬಂದ ತುದಿಯನ್ನು ನೋಡಿ ನಕ್ಕಳು.

ಶುಕ್ರವಾರ ಅವನ ಇಪ್ಪತ್ತೇಳನೆಯ ಪದ್ಯಕ್ಕೆ ಗುಂಡಿ ಮುಗಿಯಿತು. ಒಂದೊಂದು ಕಾಜ ತಪ್ಪಿ, ಒಂದು ಗುಂಡಿ ಒಂಟಿಯಾಗಿ ಉಳಿದು, ಕಾಲರಿನ ಒಂದು ಮೂಲೆ ಅವಳ ಕಿವಿಗೆ ತಾಗುತ್ತಿತ್ತು. ದರ್ಜಿಯ ಕೈಗಳು ಅವನ ಕೆಳಗೇ ಒದ್ದಾಡಿದವು. ಯಾರೂ ಸರಿಪಡಿಸಲಿಲ್ಲ. ಮೇಲ್ವಿಚಾರಕಿ ಬಾಗಿಲು ತೆರೆದರು. ಸೊಟ್ಟ ಕೋಟಿನಲ್ಲೇ ಹುಡುಗಿ ಎರಡೂ ಕಡೆ ನೋಡಿ ರಸ್ತೆ ದಾಟಿದಳು.

ಆ ವಾರಾಂತ್ಯ ಅವನು ತಂಗಿಗೆಂದು ಮುಂದೆ ತೆರೆಯುವ ಒಂದು ಹತ್ತಿಯ ಅಂಗಿ ಹೊಲಿದು, ರೂಪಾಯಿಯಗಲದ ಐದು ಗುಂಡಿ ಹಚ್ಚಿ ಊರಿಗೆ ಕಳಿಸಿದ. ಮೂರು ವಾರದ ಮೇಲೆ ತಮ್ಮನ ಹೆಂಡತಿ ವಿಡಿಯೊ ಕರೆ ಮಾಡಿದಳು.

"ಏನ್ ಭಾವ, ಗುಂಡಿ ಇಟ್ಬಿಟ್ಟಿದ್ದೀರಿ. ಮರೆತ್ರಾ?"

"ಬೇಕಂತಲೇ ಇಟ್ಟಿದ್ದು ಕಣಮ್ಮ. ಅವಳೇ ಹಾಕ್ಕೊಳ್ಳಲಿ."

"ಅವಳು ಹಾಕ್ಕೊಳ್ಳೋಷ್ಟರಲ್ಲಿ ಮಧ್ಯಾಹ್ನ ಆಗುತ್ತೆ. ನೀವು ಅಲ್ಲಿ ಕೂತು ಹೇಳ್ತೀರಿ, ಇಲ್ಲಿ ಬೆಳಗಿನ ಕೆಲಸ ಬೆಟ್ಟದಷ್ಟು ಬಿದ್ದಿದೆ."

"ನಿಜ. ಇಷ್ಟು ವರ್ಷ ಅವಳ ಕೆಲಸಾನೂ ನಿನ್ನ ತಲೆ ಮೇಲೇ ಹಾಕಿದೀವಿ. ಫೋನನ್ನ ಅವಳ ಮುಂದೆ ಒರಗಿಸಿಟ್ಟು ನೀನು ಹೋಗಮ್ಮ. ದಿನಾ ಈ ಹೊತ್ತಿಗೆ ನಾನು ಕೂತಿರ್ತೀನಿ."

ಅವಳು ಅನುಮಾನದಿಂದಲೇ ಫೋನನ್ನು ಗೋಡೆಗೆ ಒರಗಿಸಿ ಹೋದಳು. ತಂಗಿ ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದಳು, ಮುಂದುಗಡೆ ತೆರೆದೇ ಇತ್ತು, ಒಳಗೆ ಹಳೆಯ ಗುಂಡಿಯಿಲ್ಲದ ಅಂಗಿ. ಅವಳು ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದಳು, ತಿರುಗಿಸಿದಳು, ಉಗುರಿನಿಂದ ಟಕಟಕ ಬಡಿದಳು. ಬಹಳ ಹೊತ್ತು ನೋಡಿದಳು.

"ಅಣ್ಣಾ," ಎಂದಳು. "ಡಬ್ಬಿ ಎಲ್ಲಿ?"

"ಅಟ್ಟದ ಮೇಲಿದೆ ಪುಟ್ಟಾ. ಇವತ್ತೇ ಇಳಿಸ್ಕೊಡೋಕೆ ಹೇಳ್ತೀನಿ."

ಅವಳು ತಲೆಯಾಡಿಸಿ, ಗುಂಡಿಯನ್ನು ಕಾಜದ ಹತ್ತಿರ ತಂದಳು. ಜಾರಿತು. ದರ್ಜಿ ಕುರ್ಚಿಯಲ್ಲಿ ಹಿಂದೆ ಸರಿದು, ಎರಡೂ ಕೈಗಳ ಮೇಲೆ ಕೂತು, ಮೊದಲ ಪದ್ಯ ಶುರುಮಾಡಿದ.