ನಿಂತವಳ ತಂಬಿಟ್ಟು

ಸಾಕಮ್ಮನವರ ಮನೆಯಲ್ಲಿ ಅಮಾವಾಸ್ಯೆಯ ತಂಬಿಟ್ಟನ್ನು ಇನ್ನು ಮುಂದೆ ಯಾರು ಕಲಸತಕ್ಕದ್ದು ಎಂಬ ಗಹನವಾದ ವಿಷಯ ಹೋದ ವರ್ಷ ಇತ್ಯರ್ಥವಾಯಿತು. ಲೋಕದಲ್ಲಿ ಎಷ್ಟೋ ವ್ಯಾಜ್ಯಗಳು ತೀರ್ಮಾನ ಕಾಣದೆ ಕೊಳೆಯುತ್ತಿರುವಾಗ ಇಂಥದೊಂದು ಬಗೆಹರಿಯಿತೆಂಬುದನ್ನು ನಾಲ್ಕು ಜನಕ್ಕೆ ತಿಳಿಸುವುದು ನ್ಯಾಯ.

ಅಕ್ಕಿಹಿಟ್ಟು, ಬೆಲ್ಲ, ಹುರಿಗಡಲೆ ಸೇರಿಸಿ ಕಲಸಿ, ಉಂಡೆ ಕಟ್ಟಿ, ನಡುವೆ ಗುಳಿ ಮಾಡಿ ತುಪ್ಪದ ಬತ್ತಿ ಹಚ್ಚಿ ಮನೆದೇವರು ಮಾರಮ್ಮನ ಮುಂದಿಡುವುದು, ಕೆಲಸ ಇಷ್ಟೇ. ಆದರೆ ಕಲಸುವವಳಿಗೆ ಮುಟ್ಟು ನಿಂತಿರಬೇಕು. ಯಾವಾಗ ಬೇಕಾದರೂ ಹೊರಗಾಗಬಹುದಾದ ಹೆಂಗಸನ್ನು ಮಾರಮ್ಮ ನಂಬುವುದಿಲ್ಲವೆಂದು ಸಾಕಮ್ಮನವರ ಅತ್ತೆ ಹೇಳಿದ್ದರಂತೆ. ಮಾರಮ್ಮನನ್ನು ಯಾರೂ ಕೇಳಿರಲಿಲ್ಲ. ಈಗ ಸಾಕಮ್ಮನವರಿಗೆ ಮಣಿಕಟ್ಟು ನೋವು, ಮುಷ್ಟಿ ಕಟ್ಟಲು ಬಾರದು. ಕಿರಿಸೊಸೆ ಮೇಘನಾಳಿಗೆ ಇನ್ನೂ ಮೂವತ್ತೆಂಟು. ಅವಳ ಸರದಿ ದೂರ. ಹಿರಿಸೊಸೆ ವಾಣಿಗೆ ನಲವತ್ತೇಳು. ನಿವೃತ್ತಿ ಹತ್ತಿರವಾದವನ ಕುರ್ಚಿಯ ಮೇಲೆ ಆಫೀಸಿನ ಕಣ್ಣು ನೆಟ್ಟಿರುವಂತೆ ಮನೆಯ ಕಣ್ಣು ಅವಳ ಮೇಲೆ ನೆಟ್ಟಿತ್ತು.

ವಾಣಿಗೂ ಅದು ಬೇಕಾಗಿತ್ತು. ಮಾರಮ್ಮನ ಮೇಲಿನ ಭಕ್ತಿಯಿಂದಲ್ಲ. ನಂಜನಗೂಡಿನ ಆ ಮನೆಯಲ್ಲಿ ಹೊರಗಾದವರು ಮೂರು ದಿನ ಹಿಂದಿನ ರೂಮಿನಲ್ಲಿರಬೇಕು. ಯುಪಿಎಸ್ ಬ್ಯಾಟರಿ, ಹಳೆಯ ಟೀವಿಯ ಡಬ್ಬ, ಒಂದು ಚಾಪೆ, ಒಂದು ಬೇರೆ ತಟ್ಟೆ. ಟಿ. ನರಸೀಪುರದ ಸರ್ವೆ ಆಫೀಸಿನಲ್ಲಿ ಮೇಡಂ ಎನ್ನಿಸಿಕೊಂಡು ಸಂಜೆ ಬಸ್ಸಿಳಿದು ಬಂದವಳು ತಿಂಗಳು ತಿಂಗಳು ಆ ಬ್ಯಾಟರಿಯ ಪಕ್ಕ ಮಲಗಲು ತೊಡಗಿ ಇಪ್ಪತ್ತಮೂರು ವರ್ಷವಾಗಿತ್ತು. ಗಂಡ ಚಿಕ್ಕಸ್ವಾಮಿ ಬಾಗಿಲಲ್ಲಿ ನಿಂತು, "ಊಟ ಆಯ್ತಾ?" ಅನ್ನುತ್ತಿದ್ದ. ಅವನ ಕ್ರಾಂತಿ ಅಲ್ಲಿಗೆ ಮುಗಿಯುತ್ತಿತ್ತು.

ಈಚೆಗೆ ಮುಟ್ಟು ಒಂದು ತಿಂಗಳು ಬಂದು ಮೂರು ತಿಂಗಳು ತಲೆಮರೆಸಿಕೊಳ್ಳುತ್ತಿತ್ತು. ಅದರ ಬದಲು ಬೇರೇನೋ ಬಂತು. ಇದ್ದಕ್ಕಿದ್ದಂತೆ ಎದೆಯಿಂದ ಕಿವಿಯವರೆಗೆ ಬೆಂಕಿ, ಬೆವರು, ರಾತ್ರಿಯೆಲ್ಲ ನಿದ್ದೆಯಿಲ್ಲ. ನರಸೀಪುರದಲ್ಲೇ, ಮನೆಯವರ ಕಣ್ಣಿಗೆ ಬೀಳದ ಹಾಗೆ, ಡಾಕ್ಟರ್ ಅರ್ಪಿತ ಅವರ ಹತ್ತಿರ ಹೋದಳು.

"ಎರಡು ಮಾತ್ರೆ ಕೊಡ್ತೀನಿ," ಅಂದರು ಡಾಕ್ಟರು. "ಇದು ಈಸ್ಟ್ರೋಜನ್, ದಿನಾ ಒಂದು. ಬಿಸಿ, ಬೆವರು ಇದರಿಂದ ಇಳಿಯುತ್ತೆ. ಇದು ಪ್ರೊಜೆಸ್ಟರಾನ್, ತಿಂಗಳ ಮೊದಲ ಹನ್ನೆರಡು ದಿನ, ಮಲಗೋವಾಗ. ಅದನ್ನ ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತ ಹೋಗುತ್ತೆ. ಗಾಬರಿ ಬೀಳ್ಬೇಡಿ."

"ಮತ್ತೆ ಮುಟ್ಟಾ ಮೇಡಂ?"

"ಮುಟ್ಟಿನ ಥರಾನೇ. ಆದ್ರೆ ಮಾತ್ರೆ ಬಿಟ್ಟಿದ್ದಕ್ಕೆ ಬರೋದು. ಮೊದಲನೇದು ಗರ್ಭಕೋಶದ ಒಳಪದರ ಬೆಳೆಸುತ್ತೆ. ಎರಡನೇದು ಅದನ್ನ ಹದ್ದುಬಸ್ತಿನಲ್ಲಿ ಇಡುತ್ತೆ, ಬಿಟ್ಟಾಗ ಪದರ ಕಳಚಿ ಬರುತ್ತೆ. ಎರಡನೇದನ್ನ ಮಾತ್ರ ತಪ್ಪಿಸ್ಬೇಡಿ. ಮೊದಲನೇದೊಂದನ್ನೇ ತಗೊಂಡ್ರೆ ಪದರ ಬೆಳೀತಾನೇ ಹೋಗುತ್ತೆ. ಅದು ಒಳ್ಳೇದಲ್ಲ."

ಹದ್ದುಬಸ್ತು ಎಂಬ ಮಾತಿಗೆ ವಾಣಿ ನಕ್ಕಳು. ಅವಳ ಮೇಜಿಗೆ ದಿನ ಬೆಳಗಾದರೆ ಬರುತ್ತಿದ್ದದ್ದು ಜಮೀನಿನ ಗಡಿ ಗುರುತಿಸಿಕೊಡಿ ಎಂಬ ಹದ್ದುಬಸ್ತಿನ ಅರ್ಜಿಗಳೇ. ಹೊಲದ ಮೇಲೆ ಕೇಳಿ ಕೇಳಿ ಸಾಕಾದ ಮಾತು ಹೊಟ್ಟೆಯೊಳಗೂ ಬಂತಲ್ಲ ಅನ್ನಿಸಿತು.

ಮೊದಲನೆಯ ಮಾತ್ರೆ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಬೆಂಕಿ ಆರಿತು, ನಿದ್ದೆ ಬಂತು. ಎರಡನೆಯದು ತನ್ನ ಗುಣ ತೋರಿಸಿತು. ಬೆಳಿಗ್ಗೆ ತಲೆಗೆ ಒದ್ದೆ ಗೋಣಿ ಸುತ್ತಿದಂತೆ ಮಂಪರು, ಮೊಲೆ ನೋವು, ಹೊಟ್ಟೆಯುಬ್ಬರ. ಸೋಪಿನ ಜಾಹೀರಾತು ನೋಡಿ ಅಳು. ಅದನ್ನು ಬಿಟ್ಟ ಮೂರನೆಯ ದಿನ, ಹೇಳಿದಂತೆಯೇ, ರಕ್ತ. ಹಿಂದಿನ ರೂಮು.

"ಇದ್ಯಾನಮ್ಮಿ," ಅಂದರು ಸಾಕಮ್ಮ, ಹೊಸಿಲಾಚೆ ತಟ್ಟೆ ತಳ್ಳುತ್ತ. "ನಿಂತೋಯ್ತದ ನಿಂತೋಯ್ತದ ಅನ್ಕಂಡ್ರ ಈಗ ಕ್ಯಾಲೆಂಡರ್ ನೋಡ್ಕಂಡು ಬತ್ತಾ ಅದಲ್ಲ."

ವಾಣಿ ದಾರಿ ಹುಡುಕಿದಳು. "ಅತ್ತೆ, ನಮ್ಮ ಆಫೀಸಲ್ಲಿ ಒಬ್ರು ಅವ್ರೆ. ಮಾತ್ರೆ ತಗೊಂಡಿದ್ದಕ್ಕೆ ಬತ್ತದಂತೆ. ಅದು ನಿಜವಾದ ಮುಟ್ಟಲ್ವಂತೆ. ಅಂಥೋರು ಒಲೆ ಮುಟ್ಬೋದಾ?"

ಸಾಕಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದರು.

"ಯಾವ ಅಂಗಡಿಯಿಂದ ಬಂದೆ ಅಂತ ರಕ್ತಕ್ಕೆ ಗೊತ್ತಾ? ಬಂದ್ರ ಬಂತು, ನಿಂತ್ರ ನಿಂತ್ತು. ಮಾರವ್ವ ಚೀಟಿ ಓದಕ್ಕಿಲ್ಲ ಕಣಮ್ಮಿ."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಆ ರಾತ್ರಿ ಬ್ಯಾಟರಿಯ ಪಕ್ಕ ಮಲಗಿದ ವಾಣಿ ಸರ್ವೆ ಆಫೀಸಿನವಳಂತೆಯೇ ಯೋಚಿಸಿದಳು. ತಕರಾರಿಲ್ಲದ ಜಮೀನಿಗೆ ಯಾರೂ ಹದ್ದುಬಸ್ತು ಮಾಡಿಸುವುದಿಲ್ಲ. ತನ್ನ ಮೈಯಲ್ಲಿ ಈಗ ತಕರಾರೇ ಇಲ್ಲ. ಬಿಸಿಯಿಲ್ಲ, ಬೆವರಿಲ್ಲ. ಮತ್ತೆ ಈ ಎರಡನೆಯ ಮಾತ್ರೆ ಯಾಕೆ? ತರ್ಕದಲ್ಲಿ ಒಂದೂ ಬಿರುಕಿರಲಿಲ್ಲ. ಮುಂದಿನ ತಿಂಗಳು ಮೆಡಿಕಲ್ ಸ್ಟೋರಿನಲ್ಲಿ ಮೊದಲನೆಯ ಮಾತ್ರೆಯನ್ನಷ್ಟೇ ಕೇಳಿದಳು. ಅವರು ಕೇಳಿದ್ದನ್ನು ಕೊಟ್ಟರು.

ರಕ್ತ ಬರಲಿಲ್ಲ. ಮಂಪರು, ಅಳು, ನೋವು ಎಲ್ಲ ಹೋಯಿತು. ಆರೇಳು ತಿಂಗಳು ಕಾದು, "ನಿಂತೋಯ್ತು ಅತ್ತೆ," ಅಂದಳು. ಸಾಕಮ್ಮ ತಾವೇ ಎದ್ದು ತಂಬಿಟ್ಟಿನ ಹಿತ್ತಾಳೆ ಪರಾತವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಅವಳ ಮುಂದಿಟ್ಟರು.

"ಪ್ರಮೋಷನ್ ಆಯ್ತಲ್ಲಕ್ಕ," ಅಂದಳು ಮೇಘನಾ. "ಇನ್ನು ಹಿಂದ್ಗಡೆ ರೂಮು ನನ್ನೊಬ್ಳ ಹೆಸರಿಗೆ ಖಾತೆ ಮಾಡಿಸ್ಕೊಡಿ."

ಅಂದಿನಿಂದ ಸಾಕಮ್ಮ ವಾಣಿ ಬಡಿಸಿದರೆ ಮಾತ್ರ ಉಂಡರು. ಬಂದ ನೆಂಟರಿಗೆಲ್ಲ, "ನಮ್ಮ ವಾಣಿ ಕೈ," ಎಂದು ತೋರಿಸಿದರು. ವಾಣಿಯ ಮುಖಕ್ಕೆ ಕಳೆ ಬಂದಿತ್ತು. ಒಳಗೆ, ಯಾರೂ ನೋಡದ ಕಡೆ, ಪದರ ಬೆಳೆಯುತ್ತಿತ್ತು.

ಒಂದು ಸಂಜೆ ನರಸೀಪುರದ ಬಸ್ ನಿಲ್ದಾಣದಲ್ಲಿ ಡಾಕ್ಟರ್ ಅರ್ಪಿತ ಎದುರಾದರು.

"ಬರ್ಲೇ ಇಲ್ವಲ್ಲ ನೀವು? ಎರಡೂ ಮಾತ್ರೆ ತಗೋತಿದ್ದೀರ ತಾನೇ?"

"ಹೂಂ ಮೇಡಂ."

"ತಿಂಗಳು ತಿಂಗಳು ಬರ್ತಿದೆಯಾ?"

"ಸರಿಯಾಗಿ ಬರ್ತಿದೆ."

"ಆದ್ರೂ ಒಂದು ಸ್ಕ್ಯಾನ್ ಮಾಡೋಣ, ಬನ್ನಿ."

ಬರುತ್ತೇನೆಂದು ಬಸ್ಸು ಹತ್ತಿದಳು. ಹೀಗೆ ಒಂದೇ ಮೈಯ ಮುಟ್ಟು ನಂಜನಗೂಡಿನಲ್ಲಿ ನಿಂತಿತ್ತು, ನರಸೀಪುರದಲ್ಲಿ ನಡೆಯುತ್ತಿತ್ತು. ಬಸ್ಸು ನಡುದಾರಿಯ ಸುತ್ತೂರು ದಾಟುವ ಹೊತ್ತಿಗೆ ಒಂದು ಸುಳ್ಳು ಮುಗಿದು ಇನ್ನೊಂದು ಶುರುವಾಗುತ್ತಿತ್ತು. ಎರಡೂ ಕಡೆ ಯಾರಿಗೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಮೈಗೆ.

ಚಳಿಗಾಲದಲ್ಲಿ ಒಳಲಂಗದ ಮೇಲೆ ಕಂದು ಕಲೆ ಕಂಡಿತು. ತಿಕ್ಕಿ ತೊಳೆದಳು. ವಾರ ಬಿಟ್ಟು ಮತ್ತೆ ಕಂಡಿತು. ಆಮೇಲೆ ಅದಕ್ಕೆ ಲೆಕ್ಕವೇ ಇರಲಿಲ್ಲ. ಬಂದರೆ ಬಂತು, ಎರಡು ಹನಿ, ಒಂದು ಗೆರೆ. ಎಂದೋ ಬಿಟ್ಟ ಮಾತ್ರೆಯ ಬಾಕಿ ಇರಬೇಕೆಂದುಕೊಂಡಳು. ಬಿಟ್ಟು ವರ್ಷ ದಾಟಿತ್ತು.

ಶಿವರಾತ್ರಿಯ ಅಮಾವಾಸ್ಯೆಯ ದಿನ ಪರಾತದ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಟ್ಟಿಗೆ ಪಾಕ ಹೊಯ್ಯುತ್ತಿದ್ದಾಗ ಬೆಚ್ಚಗೆ ಏನೋ ಇಳಿಯಿತು. ಅವಳು ಕಲಸುವುದನ್ನು ನಿಲ್ಲಿಸಲಿಲ್ಲ. ಕಾಯಿ ತುರಿ ತಂದ ಮೇಘನಾ ಹಿಂದಿನಿಂದ ನೋಡಿ, ಅಡುಗೆಮನೆ ಬಾಗಿಲು ಮುಚ್ಚಿದಳು.

"ಅಕ್ಕ, ಸೀರೆ."

"ಬೆಲ್ಲದ ಪಾಕ ಚೆಲ್ತು."

"ಪಾಕ ಹಿಂದ್ಗಡೆಯಿಂದ ಚೆಲ್ತದಾ?"

ವಾಣಿ ಉಂಡೆ ಕಟ್ಟುತ್ತಲೇ ಇದ್ದಳು. ಎರಡೂ ಮಾತ್ರೆಯ ಕತೆಯನ್ನು ತಲೆಯೆತ್ತದೆ ಹೇಳಿದಳು. ಮೇಘನಾಳ ಮುಖದಲ್ಲಿದ್ದ ತಮಾಷೆ ಇಳಿಯಿತು.

"ಅತ್ತೆಗೆ ಹೇಳಲ್ಲ ಕಣಕ್ಕ. ನಾಳೆನೇ ಆ ಡಾಕ್ಟ್ರ ತಾವ ಹೋಗು."

"ಹೋದ್ರೆ ಅವ್ರು ಮತ್ತೆ ಆ ಮಾತ್ರೆ ಕೊಡ್ತಾರೆ. ಮತ್ತೆ ಬತ್ತದೆ. ಯುಗಾದಿ ಕಳೀಲಿ."

"ಈಗ ಬತ್ತಿರೋದೇನು ಮತ್ತೆ?"

ಹೊರಗಿನಿಂದ ಸಾಕಮ್ಮ ಕೂಗಿದರು: "ಯಾನ್ ಗುಸುಗುಸು? ಆಯ್ತಾ?"

"ಆಯ್ತು ಅತ್ತೆ," ಅಂದಳು ವಾಣಿ. ಮೇಘನಾಳ ಹಳೆಯ ಸೀರೆ ಸುತ್ತಿಕೊಂಡು ಪರಾತ ಎತ್ತಿದಳು. ದೀಪಗಳು ಚೆನ್ನಾಗಿಯೇ ಉರಿದವು. ಮಾರಮ್ಮ ಏನೂ ಹೇಳಲಿಲ್ಲ.

ಯುಗಾದಿಯ ಅಮಾವಾಸ್ಯೆಯೂ ಹಾಗೇ ಕಳೆಯಿತು. ಅದಾದ ವಾರ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಸೀಟು ನೆನೆಯಿತು. ಪಕ್ಕದಲ್ಲಿದ್ದ ಕವಲಂದೆಯ ಹೆಂಗಸು ತನ್ನ ಟವೆಲ್ ಕೊಟ್ಟು, "ಯಾಕವ್ವ, ಇಷ್ಟೊಂದಾ?" ಅಂದಳು. ವಾಣಿ ಆಫೀಸಿಗೆ ಹೋಗಲಿಲ್ಲ, ನೇರ ಡಾಕ್ಟರ ಹತ್ತಿರ ಹೋಗಿ ಮೊದಲ ಬಾರಿಗೆ ನಿಜ ಹೇಳಿದಳು. ಡಾಕ್ಟರ್ ಅರ್ಪಿತ ಬೈಯಲಿಲ್ಲ. ಸ್ಕ್ಯಾನ್ ಮಾಡಿ ಒಳಪದರದ ದಪ್ಪ ಅಳೆದರು.

"ಎಷ್ಟು ದಪ್ಪ ಇದೆ ಮೇಡಂ?"

"ಮೊದಲು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ."

ಒಳಪದರದ ಚೂರು ಮೈಸೂರಿಗೆ ಹೋಯಿತು. ಕ್ಯಾನ್ಸರ್ ಎಂದು ವರದಿ ಬಂತು. ಏಪ್ರಿಲ್ ಕೊನೆಯಲ್ಲಿ ವಾಣಿಯ ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದರು. ಇನ್ನು ಮುಂದೆ ತಂಬಿಟ್ಟನ್ನು ಯಾರು ಕಲಸತಕ್ಕದ್ದು ಎಂಬುದು ಹೀಗೆ ಇತ್ಯರ್ಥವಾಯಿತು.