ಬಿಲ್ಲೆಯ ಹಿಂಬದಿ

ಹುಣಸೆಹಣ್ಣಿನ ವಾಸನೆ, ಹಿತ್ತಾಳೆಗೆ ಇದೆಲ್ಲಿಂದ ಬಂತು, ಮೂಗಿನ ಹತ್ತಿರ ಹಿಡಿದರೆ ಅಡುಗೆಮನೆಯೇ ಎದುರು ಬಂದು ಕೂತ ಹಾಗೆ — ಸಿಪಾಯಿಯ ಟೋಪಿ ಬಿಲ್ಲೆಯನ್ನು ದೇವರ ದೀಪದ ಜತೆ ಹಾಕಿ ತಿಕ್ಕಿದ್ದಾಳೆ ಮಹಾರಾಯ್ತಿ, ಮುಂದೆಯೂ ತಿಕ್ಕಿದ್ದಾಳೆ, ಹಿಂದೆಯೂ ತಿಕ್ಕಿದ್ದಾಳೆ, ಯಾವ ಸಿಪಾಯಿ ಹಿಂಬದಿ ತಿಕ್ಕುತ್ತಾನೆ, ಹೋದ ಯುದ್ಧದಲ್ಲಿ ಬಸ್ರಾದಲ್ಲಿ ದಿನಾ ಬೆಳಿಗ್ಗೆ ಬಿಲ್ಲೆ ಬೆಳಗಿದವನು ನಾನು, ಕಾಣುವ ಮುಖಕ್ಕಷ್ಟೇ ಪಾಲಿಶ್, ಬಟ್ಟೆಗೆ ಒತ್ತುವ ಕಡೆ ಬೆವರಿನ ಕಪ್ಪು ಹಾಗೇ ಇರಬೇಕು, ಅದೇ ಸಾಕ್ಷಿ, ಆ ಸಾಕ್ಷಿಯನ್ನೇ ಇವಳು ತೊಳೆದುಕೊಂಡು ಬಂದಿದ್ದಾಳೆ. ಜಗಲಿಯ ತುದಿಯಲ್ಲಿ ಕೂತಿದ್ದಾಳೆ ವೀರಬಸಮ್ಮ, ಸೆರಗು ಹೊದ್ದು, ಕಣ್ಣು ನನ್ನ ಕೈಮೇಲೆ. ಕಾಯಲಿ. ಕೊಪ್ಪದ ಕಾಫಿ ತೋಟದ ದೊರೆ ಬಿಲ್ಲೆ ಕೂಡಿಹಾಕುವ ಹುಚ್ಚಿನವನು, ಅವನೇ ನಾನು, ಹವಾಲ್ದಾರ್ ಪರಮಶಿವಯ್ಯ, ಹೂಂ ಅಂದ ಮೇಲೆ ಮಾತ್ರ ಪೆಟ್ಟಿಗೆಗೆ ಹಾಕುತ್ತಾನೆ, ಇವಳ್ಯಾವ ದೊಡ್ಡವಳು. ಇವಳ ಮಗ ಶಾಂತವೀರಪ್ಪ ಬರ್ಮಾಕ್ಕೆ ಹೋದವನು, ಪತ್ತೆಯಿಲ್ಲ ಎಂದು ಸರ್ಕಾರದ ಕಾಗದ ಬಂದಿತ್ತು, ಆಮೇಲೆ ಯಾರೋ ಜತೆಗಾರ ಸಿಪಾಯಿ ಬಂದು, ಹೊಳೆ ದಾಟುವಾಗ ನನ್ನ ಕಣ್ಣೆದುರೇ ಸತ್ತ ಅಂತ ಹೇಳಿ ಈ ಬಿಲ್ಲೆ ಕೊಟ್ಟು ಹೋದನಂತೆ, ಎಂಟು ತಿಂಗಳಾಯಿತು, ಈಗ ಇವಳ ಭಾವ ಸೋಮಶೇಖರಪ್ಪ, ಅವನೆಂಥ ಸಿಪಾಯಿ, ಒಂದು ಊಟಕ್ಕೆ ಸಂತೆ ಹಿತ್ತಾಳೆ ಕೊಟ್ಟು ಹೋದ ಕಳ್ಳ ಅಂದನಂತೆ. ನೀವೇ ನೋಡಿ ಹೇಳ್ಬೇಕು ಪರಮಶಿವಣ್ಣ, ನಿಮ್ಮ ಮಾತೇ ಕೊನೆ, ಅಂದಳು. ಈಗ ಪರಮಶಿವಣ್ಣ! ನರಸಿಂಹರಾಜಪುರದ ಸಂತೆಯಲ್ಲಿ ಏನಾಗಿದ್ದೆ ನಾನು, ನನ್ನ ಕರಿಬಸವ ಸೈನ್ಯಕ್ಕೆ ಸೇರಲು ಹೋಗಿ ತಿರುಗಿ ಬಂದ ವಾರ, ಹವಾಲ್ದಾರರ ಮಗನಿಗೆ ಎದೆ ಸಾಲ್ಲಿಲ್ಲಂತೆ ಮಾರಾಯ್ತಿ, ನಮ್ಮ ಶಾಂತನ್ನ ನೋಡು, ಒಂದೇ ಸಲಕ್ಕೆ ತಗೊಂಡ್ರು — ಬೆಲ್ಲದ ಅಂಗಡಿ ಮುಂದೆ ನಿಂತು ನಕ್ಕಿದ್ದಳು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ, ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಅವತ್ತಿನಿಂದ ಕರಿಬಸವ ಸಂತೆಗೆ ಕಾಲಿಟ್ಟಿಲ್ಲ.

ಬಿಲ್ಲೆ ಅಸಲಿ. ಮೊದಲ ನೋಟಕ್ಕೇ ಗೊತ್ತಾಯಿತು, ತೊಳೆದರೆ ಬೆವರು ಹೋಗಬಹುದು, ಅಚ್ಚು ಎಲ್ಲಿಗೆ ಹೋಗುತ್ತದೆ — ಎರಕ ಹೊಯ್ದದ್ದಾದರೆ ಮೈಯೆಲ್ಲ ತರಿತರಿ, ಗೆರೆ ಮೊಂಡು, ಹಿಂದೆ ಸಪಾಟು, ಇದು ಒತ್ತಿ ತೆಗೆದದ್ದು, ಮುಂದೆ ಉಬ್ಬಿದ್ದೆಲ್ಲ ಹಿಂದೆ ತಗ್ಗು, ಬಿಲ್ಲೆ ಮೇಲಿನ ಕಿರೀಟದ ಮಣಿ ಎಣಿಸಬಹುದು, ದಿನಾ ತಿಕ್ಕಿದ ಬೆರಳಿಗೆ ಆ ಮಣಿಗಳ ನೆತ್ತಿ ಮಾತ್ರ ಸವೆದಿದೆ. ಬಿಲ್ಲೆ ನಿಜ, ಸಾವೂ ನಿಜ, ವೀರನ ತಾಯಿ ಅಂತ ನಾಳೆ ಸಂತೆಯಲ್ಲಿ ಎಲ್ಲರೂ ಇವಳಿಗೆ ದಾರಿ ಬಿಡಬೇಕು, ನಾನೂ ಬಿಡಬೇಕು — ಬಿಡುವುದಿಲ್ಲ. ಎರಕದ್ದು ಬಸಮ್ಮ, ಅಂದೆ. ನಕಲಿ. ಹಿಂದೆ ನೋಡು, ಹೊಸ ಚೊಂಬಿನ ಹಾಗಿದೆ, ಟೋಪಿ ಮೇಲೆ ಒಂದು ದಿನಾನೂ ಕೂತಿದ್ದಲ್ಲ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು, ಹಾಯೆನಿಸಿತು, ಈಗ ಅಳುತ್ತಾಳೆ, ಅಳಲಿ, ಮೋಸ ಹೋದೆ ಅಂತ ತಲೆ ತಗ್ಗಿಸಿಕೊಂಡು ಹೋಗಲಿ.

ನಗುತ್ತಿದ್ದಾಳೆ. ಯಾಕೆ ನಗುತ್ತಾಳೆ ಇವಳು. ಹಂಗಾರೆ ಆ ಸಿಪಾಯಿ ಹೇಳಿದ್ದೂ ಸುಳ್ಳೇ ಅಲ್ವಾ ಪರಮಶಿವಣ್ಣ, ಹಂಗಾರೆ ನಮ್ಮ ಶಾಂತ ಬದುಕಿದಾನೆ, ಎಂಟು ತಿಂಗಳಿಂದ ಆ ಹುಡುಗಿ ಕೈ ಬರಿದು ಮಾಡಿ ಮೂಲೇಲಿ ಕೂರಿಸಿದೀನಲ್ಲ, ಪಾಪಿ ನಾನು, ಇವತ್ತೇ ಸೊಸೆ ಕೈಗೆ ಹಸಿರು ಬಳೆ ತೊಡಿಸ್ತೀನಿ — ಕಾಲಿಗೆ ಬಿದ್ದಳು, ನನ್ನ ಕಾಲಿಗೆ, ಎದ್ದು ಓಡಿದಳು, ಬಿಲ್ಲೆ ಬೇಕೆಂದೂ ಕೇಳಲಿಲ್ಲ. ನಿಲ್ಲು ಬಸಮ್ಮ ಅನ್ನಬೇಕು, ಇನ್ನೂ ರಸ್ತೆಯ ತಿರುವಿನಲ್ಲೇ ಇದ್ದಾಳೆ, ಕೂಗಿದರೆ ಕೇಳಿಸುತ್ತದೆ, ಸುಳ್ಳು ಹೇಳಿದೆ ಅನ್ನಬೇಕು, ಹವಾಲ್ದಾರ್ ಪರಮಶಿವಯ್ಯ ಸುಳ್ಳು ಹೇಳಿದ ಅನ್ನಬೇಕು, ಬಳೆಗಾರ ಆ ಹುಡುಗಿಯ ಕೈ ಹಿಡಿದು, ಬೆರಳು ಮಡಿಸಿ, ಒಂದೊಂದಾಗಿ ಏರಿಸುತ್ತಾನೆ, ಹಸಿರು ಬಳೆ, ತಿರುವು ದಾಟಿದಳು, ಹಸಿರು ಬಳೆ, ಬಿಲ್ಲೆ ನನ್ನ ಮುಷ್ಟಿಯಲ್ಲೇ ಇದೆ, ಸತ್ತವನ ಹೆಂಡತಿಯ ಕೈಯಲ್ಲಿ ಹಸಿರು ಬಳೆ.