ಗಳಕ್ಕೆ ಕಟ್ಟಿದ ಗರಿ

"ಅಕ್ಕಾ, ನಿಮ್ಮ ಗಳದ ತುದೀಲಿ ತೂಗ್ತಿರೋದು ಕುಂಬಳಕಾಯಲ್ಲ, ಗರಿ ಕಣಕ್ಕಾ!"

ದಡದಿಂದ ಕರೆತರುತ್ತ ಹುಟ್ಟು ಹಾಕುತ್ತಿದ್ದ ಪಕ್ಕದ ದೋಣಿಯ ಸೆನ್ ಹಾಗೆಂದಾಗ ಮೂಯ್ ನಂಬಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಗರಿಯೇ.

ಹೊಳೆಯ ಮೇಲೆ ದೋಣಿಗಳಲ್ಲೇ ನಡೆಯುವ ನಮ್ಮ ಕಾಯ್ ರಾಂಗ್ ನೀರಸಂತೆಯಲ್ಲಿ ಕೂಗಿ ಮಾರುವವರಿಲ್ಲ. ಅಷ್ಟೊಂದು ಇಂಜಿನ್‌ಗಳ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ಏನು ಮಾರುತ್ತೇವೋ ಅದನ್ನೇ ಬಿದಿರು ಗಳಕ್ಕೆ ಕಟ್ಟಿ ಎತ್ತಿ ನಿಲ್ಲಿಸುತ್ತೇವೆ. ಅನಾನಸ್ ತೂಗಿದರೆ ಅನಾನಸ್, ಗೆಣಸು ತೂಗಿದರೆ ಗೆಣಸು. ತೆಂಗಿನ ಒಣಗರಿ ತೂಗಿದರೆ ಮಾತ್ರ ದೋಣಿಯೇ ಮಾರಾಟಕ್ಕಿದೆ ಎಂದರ್ಥ.

ಮೊಮ್ಮಗಳಿಗೆ ತಿಂಗಳು ತುಂಬಿದ ಶಾಸ್ತ್ರಕ್ಕೆಂದು ಮಗಳು ಥಾಮ್‌ಳ ಮನೆಗೆ ಹೋಗಿದ್ದ ಮೂಯ್ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಮನೆ ಸೇರಿದೆ ಎಂದುಕೊಳ್ಳುವಷ್ಟರಲ್ಲಿ ಮನೆಯಾಗಿದ್ದ ದೋಣಿಯೇ ಮಾರಾಟಕ್ಕೆ ನಿಂತಿತ್ತು!

"ಯಜಮಾನ್ರು ಎರಡನೇ ಮದ್ವೆ ಮಾಡ್ಕೊಳ್ಳೋ ಹಾಗಿದೆ," ಎಂದು ಸೆನ್ ಕಿಚಾಯಿಸಿದಳು.

"ಆ ಮುದುಕನ್ನ ಯಾವಳು ಕಟ್ಕೋತಾಳೆ? ಬೇಗ ಹುಟ್ಟು ಹಾಕು, ಮಾರಾಯ್ತಿ."

ದೋಣಿಯ ಮೂತಿಗೆ ಬರೆದ ಎರಡು ಕಣ್ಣುಗಳಿಗೆ ಮೂಯ್‌ಳ ಗಂಡ ಬೇನ್ ಹೊಸದಾಗಿ ಬಣ್ಣ ಹಚ್ಚುತ್ತಿದ್ದ. ಹೆಂಡತಿಯನ್ನು ಕಂಡು, "ಬಂದ್ಯಾ? ಊಟ ಆಯ್ತಾ?" ಎಂದ.

"ಊಟದ ಮನೆ ಹಾಳಾಗ್ಲಿ! ಏನಿದು?"

"ಥಾಮ್ ಫೋನ್ ಮಾಡಿದ್ಲು. ನಿನಗೆ ಮಂಡಿ ನೋವಂತೆ, ದೋಣೀಲಿ ಹತ್ತಿ ಇಳಿಯೋಕೆ ಆಗಲ್ಲ ಅಂದ್ಯಂತೆ. ಅವಳ ಮನೇಲಿ ನೆಲ ಸಪಾಟಾಗಿದೆ. ಇಬ್ಬರೂ ಹೋಗಿ ಇದ್ದುಬಿಡೋಣ. ಗಿರಾಕಿ ಸಿಕ್ಕಿದಾನೆ, ಇನ್ನೇನು ಬರ್ತಾನೆ."

ಹೌದು, ಅಂದಿದ್ದಳು. ಮಗಳು ಕಾಲು ಒತ್ತುತ್ತಿರುವಾಗ ಇನ್ನೊಂದಿಷ್ಟು ಒತ್ತಲಿ ಎಂದು ಯಾವ ತಾಯಿಯಾದರೂ ಆಡುವ ಮಾತದು. ಅದನ್ನು ಹಿಡಿದುಕೊಂಡು ಈ ಮಹಾರಾಯ ಗರಿಯನ್ನೇ ಕಟ್ಟಿದ್ದ. ಹುಟ್ಟಿದ್ದೇ ದೋಣಿಯಲ್ಲಿ ಅವನು. ಮಗಳ ಮದುವೆಯ ರಾತ್ರಿ ಬೀಗರ ಮನೆಯ ಮಂಚದ ಮೇಲೆ ಹೊರಳಾಡಿ ಸಾಕಾಗಿ, ಹೊಳೆದಂಡೆಗೆ ಹೋಗಿ ಯಾರದೋ ದೋಣಿಯಲ್ಲಿ ಮಲಗಿದ್ದವನು. ಅಂಥವನು ಅವಳ ಒಂದು ಮಂಡಿಗೋಸ್ಕರ ತನ್ನ ಕೈಯಾರೆ ಗರಿ ಕಟ್ಟಿದ್ದಾನಲ್ಲ ಎಂದು ಮೂಯ್‌ಗೆ ಕನಿಕರವೂ ಆಯಿತು, ಹೆಮ್ಮೆಯೂ ಆಯಿತು. ಇಂಥ ಗಂಡಸನ್ನು ಬೈಯುವುದಾದರೂ ಹೇಗೆ?

ಆದರೂ ಬೈದಳು.

"ಆ ಮನೇಲಿ ನಾನು ಒಂದು ರಾತ್ರೀನೂ ಸರಿಯಾಗಿ ಕಣ್ಣು ಮುಚ್ಚಿಲ್ಲ, ಗೊತ್ತಾ? ನೆಲ ಅಲ್ಲಾಡೋದೇ ಇಲ್ಲ, ಸತ್ತ ಹಾಗೆ ಬಿದ್ದಿರುತ್ತೆ. ಮಂಡಿ ನನ್ನದು, ದೋಣಿ ಇಬ್ಬರದು. ನನ್ನನ್ನ ಕೇಳದೆ ಹೆಂಗೆ ಕಟ್ಟಿದೆ?"

"ಕೇಳಿದ್ರೆ ಬೇಡ ಅಂತಿದ್ದೆ."

"ಮತ್ತೆ?"

ಬೇನ್ ಕುಂಚವನ್ನು ಅದ್ದಿ, ಆಗಲೇ ಬಣ್ಣ ಹಚ್ಚಿದ್ದ ಕಣ್ಣಿಗೇ ಮತ್ತೊಮ್ಮೆ ಹಚ್ಚಿದ.

ಮೂಯ್ ದೋಣಿ ಹತ್ತಿ, ಸೊಂಟಕ್ಕೆ ಸೆರಗಿನಂತೆ ತಲೆವಸ್ತ್ರ ಬಿಗಿದು, ಅದೇ ನೋಯುವ ಕಾಲನ್ನು ಊರಿ ನಿಂತು ಗಳವನ್ನು ಇಳಿಸತೊಡಗಿದಳು. ಅಷ್ಟರಲ್ಲಿ ಗಿರಾಕಿಯ ದೋಣಿ ಪಕ್ಕಕ್ಕೆ ಬಂದು ತಾಗಿತು.

"ಗರಿ ಕಟ್ಟಿದ್ರಲ್ಲಮ್ಮಾ?" ಅವನ ಮುಖ ಸಪ್ಪಗಾಯಿತು. "ನಾನು ಅಷ್ಟು ದೂರದಿಂದ ಬಂದಿದೀನಿ."

"ತಪ್ಪಾಯ್ತಪ್ಪಾ, ನಮ್ಮನೆಯವರಿಗೆ ಆತುರ ಜಾಸ್ತಿ. ದೋಣಿ ಕೊಡಲ್ಲ. ಬಾ, ಊಟ ಮಾಡ್ಕೊಂಡು ಹೋಗು."

ಗರಿಯನ್ನು ಮುರಿದು ಮುರಿದು ಒಲೆಗೆ ತುರುಕಿದಳು. ಚೆನ್ನಾಗಿ ಒಣಗಿದ್ದರಿಂದ ಧಗ್ಗೆಂದು ಉರಿಯಿತು. ಅನ್ನ ಬೆಂದಿತು, ಮೀನಿನ ಹುಳಿ ಕುದಿಯಿತು. ಗಿರಾಕಿ ಮೊದಲು ಮುಖ ಊದಿಸಿಕೊಂಡಿದ್ದ, ಹುಳಿಯನ್ನು ಎರಡನೇ ಸಲ ಹಾಕಿಸಿಕೊಳ್ಳುವ ಹೊತ್ತಿಗೆ ಸರಿಹೋದ.

ಊಟವಾದ ಮೇಲೆ ಬೇನ್ ಎದ್ದು ಹೋಗಿ ಒಂದು ಹಲಗೆ, ಗರಗಸ ತಂದ.

"ಇನ್ನೇನು ಶುರು ಮಾಡಿದೆ?" ಎಂದಳು ಮೂಯ್.

"ಮೆಟ್ಟಿಲು. ನಡುವೆ ಇನ್ನೊಂದಿದ್ರೆ ನೀನು ಕಾಲನ್ನ ಅಷ್ಟು ಎತ್ತಬೇಕಾಗಲ್ಲ."

"ಇದು ಮೊದಲೇ ಹೊಳೀಲಿಲ್ವಾ ನಿನಗೆ?"

ಅವನು ಕೊಯ್ಯತೊಡಗಿದ. ಹಲಗೆ ಅಲುಗದಂತೆ ಅದರ ಇನ್ನೊಂದು ತುದಿಯನ್ನು, ದೋಣಿ ಕೊಳ್ಳಲು ಬಂದವನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಕೂತಿದ್ದ.